ಪೆಡಲ್ ತಿದ್ದುವ ಮೊದಲು ಪಾದ ಪಳಗಲಿ

ಜರ್ಮನಿಗೆ ಓದಲೆಂದೋ ಕೆಲಸಕ್ಕೆಂದೋ ಬರುವ ನಮ್ಮ ತರುಣರು ಒಂದೆರಡು ವರ್ಷಗಳಲ್ಲಿ ಹಳೆಯ ಕಾರೊಂದನ್ನು ಕೊಳ್ಳುತ್ತಾರೆ. ಕೈಗೆಟಕುವ ಬೆಲೆಯ ಹಳೆಯ ಕಾರುಗಳಲ್ಲಿ ಮ್ಯಾನುಯಲ್ ಗೇರಿನವು ಇಲ್ಲಿ ಇಂದಿಗೂ ಹೇರಳ. ಕೊಂಡ ಕೆಲವೇ ವಾರಗಳಲ್ಲಿ ಅವರ ಮಾತು ಆಟೋಬಾನ್ ಹೆದ್ದಾರಿಯಿಂದ ನ್ಯೂರ್ಬರ್ಗ್‌ರಿಂಗ್ ಓಟದ ಪಥದತ್ತ ಹೊರಳುತ್ತದೆ. ಅಲ್ಲಿಂದ ಮುಂದಕ್ಕೆ ‘ಹೀಲ್ ಆ್ಯಂಡ್ ಟೋ’ ಎಂಬ ಚಾಲನಾ ವಿದ್ಯೆಯ ಪ್ರಸ್ತಾಪ. ಅದರ ಬೆನ್ನಿಗೇ ಪೆಡಲುಗಳನ್ನು ಬದಲಿಸಿಕೊಳ್ಳುವ ಉಮೇದು. ಊರಿನಲ್ಲಿರುವ ತಂದೆತಾಯಿಗಳಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ. ಹದಿನಾಲ್ಕು ವರ್ಷಗಳಿಂದ ಸ್ಟುಟ್‌ಗಾರ್ಟ್ ಸಮೀಪದಲ್ಲಿ ನೆಲೆಸಿರುವ ನನ್ನ ಅಭಿಪ್ರಾಯ ಇವೆರಡರ ನಡುವಿನದು. ಈ ವಿದ್ಯೆ ಹುಚ್ಚಾಟವಲ್ಲ, ಕಲಿಯತಕ್ಕದ್ದೇ. ಆದರೆ ಪೆಡಲಿನಿಂದ ಆರಂಭಿಸುವುದು ತಲೆಕೆಳಗಾದ ಕ್ರಮ. ಆ ಕ್ರಮದ ತಪ್ಪಿಗೆ ತೆರಬೇಕಾದ ಬೆಲೆ ಬ್ರೇಕಿನ ಮೇಲಿನ ಹಿಡಿತ.

ಮೊದಲು ವಿದ್ಯೆ ಏನೆಂಬುದನ್ನು ತಿಳಿಯೋಣ. ತಿರುವು ಸಮೀಪಿಸಿದಾಗ ಚಾಲಕನು ಬ್ರೇಕ್ ಒತ್ತಿ ವೇಗವನ್ನು ತಗ್ಗಿಸಬೇಕು, ಗೇರನ್ನೂ ಕೆಳಕ್ಕಿಳಿಸಬೇಕು. ಗೇರ್ ಇಳಿದಾಗ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕಾಗುತ್ತದೆ. ಎರಡನೆಯ ಗೇರಿನ ಅನುಪಾತ 2.0, ಮೂರನೆಯದು 1.4 ಎಂದಿಟ್ಟುಕೊಳ್ಳಿ. ಮೂರನೆಯ ಗೇರಿನಲ್ಲಿ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದ ಎಂಜಿನ್, ಅದೇ ವೇಗದಲ್ಲಿ ಎರಡನೆಯ ಗೇರಿಗೆ ಬಂದರೆ ಸುಮಾರು 4,300 ಸುತ್ತು ತಿರುಗಬೇಕು. ಕ್ಲಚ್ ಒತ್ತಿರುವ ಅರೆಕ್ಷಣದಲ್ಲಿ ಎಂಜಿನ್ನಿನ ವೇಗ ಏರುವುದಿಲ್ಲ, ಬದಲಿಗೆ ಇಳಿಯುತ್ತದೆ. ಆಗ ಕ್ಲಚ್ ಬಿಟ್ಟರೆ ಎಂಜಿನ್ನನ್ನು ಮೇಲಕ್ಕೆಳೆಯುವ ಹೊರೆ ಚಕ್ರಗಳ ಮೇಲೆ ಬೀಳುತ್ತದೆ. ಕಾರು ಮುಗ್ಗರಿಸಿದಂತೆ ಜಗ್ಗುತ್ತದೆ. ಒದ್ದೆ ರಸ್ತೆಯಲ್ಲಿ, ಅದರಲ್ಲೂ ಹಿಂಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರಿನಲ್ಲಿ, ಆ ಜಗ್ಗಾಟಕ್ಕೆ ಹಿಂಚಕ್ರಗಳು ಹಿಡಿತ ಕಳೆದುಕೊಂಡು ಕಾರಿನ ಹಿಂಭಾಗ ಪಕ್ಕಕ್ಕೆ ಜಾರಬಹುದು.

ಇದನ್ನು ತಪ್ಪಿಸಲು ಕ್ಲಚ್ ಬಿಡುವ ಮೊದಲೇ ಆ್ಯಕ್ಸಿಲರೇಟರನ್ನು ಒಮ್ಮೆ ಚುರುಕಾಗಿ ಒತ್ತಿ ಎಂಜಿನ್ನಿನ ಸುತ್ತನ್ನು ಏರಿಸಬೇಕು. ಆದರೆ ಬಲಗಾಲು ಬ್ರೇಕಿನ ಮೇಲಿದೆ, ಎಡಗಾಲು ಕ್ಲಚ್ಚಿನ ಮೇಲಿದೆ; ಪೆಡಲುಗಳು ಮೂರು, ಕಾಲುಗಳು ಎರಡೇ. ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವೇ ಹೀಲ್ ಆ್ಯಂಡ್ ಟೋ. ಬಲಪಾದದ ಮುಂಭಾಗ ಬ್ರೇಕನ್ನು ಒಂದೇ ಸಮನಾಗಿ ಒತ್ತಿಹಿಡಿದಿರುವಾಗಲೇ ಅದೇ ಪಾದದ ಹಿಮ್ಮಡಿಯೋ ಹೊರ ಅಂಚೋ ಹೊರಳಿ ಆ್ಯಕ್ಸಿಲರೇಟರನ್ನು ತಟ್ಟುತ್ತದೆ. ಹೆಸರಿನಲ್ಲಿ ಹಿಮ್ಮಡಿ ಇದ್ದರೂ ಇಂದಿನ ಅನೇಕ ಕಾರುಗಳಲ್ಲಿ ಕೆಲಸ ಮಾಡುವುದು ಪಾದದ ಹೊರ ಅಂಚು. ಜಪಾನಿನ ಸುಜುಕಾ ಪಥದಲ್ಲಿ ಐರ್ಟನ್ ಸೆನ್ನಾ ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನು ಸಾಮಾನ್ಯ ಬೂಟು, ಬಿಳಿ ಕಾಲುಚೀಲ ತೊಟ್ಟು ಓಡಿಸುವ ಚಿತ್ರಿಕೆಯನ್ನು ನಮ್ಮ ಹುಡುಗರೆಲ್ಲ ನೋಡಿದ್ದಾರೆ. ಅಲ್ಲಿ ಕಣ್ಣಿಗೆ ಬೀಳುವುದು ಆ್ಯಕ್ಸಿಲರೇಟರಿನ ಮೇಲೆ ಕುಣಿಯುವ ಪಾದ. ಕಣ್ಣಿಗೆ ಬೀಳದಿರುವುದು ಅದೇ ಪಾದ ಬ್ರೇಕಿನ ಮೇಲೆ ಕಾಯ್ದುಕೊಂಡ ಒತ್ತಡ. ವಿದ್ಯೆಯ ಸಾರವಿರುವುದು ಈ ಎರಡನೆಯದರಲ್ಲಿ.

ಇದೇನೋ ಪರದೇಶದ ಸೋಜಿಗವೆಂದು ಊರಿನ ಹಿರಿಯರು ಭಾವಿಸಬೇಕಾಗಿಲ್ಲ. ಹಿಂದಿನ ಕಾಲದ ಲಾರಿ, ಬಸ್ಸುಗಳನ್ನು ಓಡಿಸಿದ ನಮ್ಮ ಚಾಲಕರಿಗೆ ‘ಡಬಲ್ ಕ್ಲಚ್’ ನಿತ್ಯದ ಅಭ್ಯಾಸವಾಗಿತ್ತು. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಎಂಜಿನ್ನನ್ನು ಒಮ್ಮೆ ಗುರ್ರೆನ್ನಿಸಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುತ್ತಿದ್ದರು. ಹಾಗೆ ಮಾಡದಿದ್ದರೆ ಗೇರೇ ಬೀಳುತ್ತಿರಲಿಲ್ಲ. ಹಲ್ಲುಗಳು ಕರಕರನೆ ಅರೆಯುತ್ತಿದ್ದವು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಈ ಸದ್ದನ್ನು ಕೇಳುತ್ತಲೇ ಬೆಳೆದವರು ನಾವು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಸಿಂಕ್ರೊಮೆಶ್ ವ್ಯವಸ್ಥೆಯು ಹಲ್ಲುಗಳ ವೇಗವನ್ನು ತಾನೇ ಸರಿಹೊಂದಿಸಿಕೊಟ್ಟು, ಕ್ರಮೇಣ ಜಗತ್ತಿನ ಎಲ್ಲ ಕಾರುಗಳಿಗೂ ಹಬ್ಬಿತು. ಆದರೆ ಅದು ಸರಿಹೊಂದಿಸುವುದು ಗೇರುಪೆಟ್ಟಿಗೆಯೊಳಗಿನ ವೇಗವನ್ನು ಮಾತ್ರ. ಎಂಜಿನ್ನಿನ ಸುತ್ತನ್ನು ಹೊಂದಿಸುವ ಹೊಣೆ ಚಾಲಕನ ಮೇಲೇ ಉಳಿಯಿತು. ಘಾಟಿಯ ಲಾರಿ ಚಾಲಕನೂ ಓಟದ ಪಥದ ಚಾಲಕನೂ ಯಂತ್ರದ ಈ ಒಂದೇ ಕಟ್ಟಳೆಗೆ ತಲೆಬಾಗಿದವರು.

ಇನ್ನು ಪೆಡಲುಗಳ ವಿಚಾರ. ಸಾಮಾನ್ಯ ಕಾರುಗಳಲ್ಲಿ ಬ್ರೇಕ್ ಪೆಡಲ್ ಆ್ಯಕ್ಸಿಲರೇಟರಿಗಿಂತ ಎತ್ತರದಲ್ಲಿರುತ್ತದೆ. ಬ್ರೇಕ್ ಒತ್ತುವ ಭರದಲ್ಲಿ ಪಾದದ ಅಂಚು ಆ್ಯಕ್ಸಿಲರೇಟರಿಗೂ ತಾಗದಿರಲೆಂದೇ ಈ ಏರ್ಪಾಡು. ಬಲವಾಗಿ ಬ್ರೇಕ್ ಒತ್ತಿದಾಗ ಅದು ಕೆಳಗಿಳಿದು ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಓಟದ ಪಥದಲ್ಲಿ ಹೀಲ್ ಆ್ಯಂಡ್ ಟೋ ಸುಲಭವೆನಿಸುವುದು ಆ ಕಾರಣಕ್ಕೆ. ಊರೊಳಗಿನ ಹಗುರ ಬ್ರೇಕಿನಲ್ಲಿ ಬ್ರೇಕ್ ಪೆಡಲ್ ಮೇಲೆಯೇ ಉಳಿಯುವುದರಿಂದ ಪಾದ ಆ್ಯಕ್ಸಿಲರೇಟರಿಗೆ ಎಟುಕುವುದಿಲ್ಲ. ಆಗ ಹುಡುಗರು ಪೆಡಲನ್ನೇ ದೂಷಿಸಿ, ಆ್ಯಕ್ಸಿಲರೇಟರನ್ನು ಎತ್ತರಿಸುವ, ಅಗಲಗೊಳಿಸುವ ಅಲ್ಯೂಮಿನಿಯಂ ಹೊದಿಕೆಗಳನ್ನು ತರಿಸಿಕೊಳ್ಳುತ್ತಾರೆ.

ಕಳೆದ ವರ್ಷ ಹಾಸನದ ಕಡೆಯ ತರುಣನೊಬ್ಬ ಅಂಥದೊಂದು ಹೊದಿಕೆಯನ್ನು ಹಿಡಿದು ನನ್ನಲ್ಲಿಗೆ ಬಂದಿದ್ದ. ಅದನ್ನು ಅತ್ತ ಇಟ್ಟು ಮೊದಲು ಕಾರಿನಲ್ಲಿ ಕೂರಲು ಹೇಳಿದೆ. ಸೀಟು ತೀರ ಹಿಂದಿತ್ತು. ಬ್ರೇಕ್ ಒತ್ತಿದಾಗ ಕಾಲು ಕೋಲಿನಂತೆ ನೆಟ್ಟಗಾಗುತ್ತಿತ್ತು. ಅಂಥ ಕಾಲಿನಲ್ಲಿ ಹಿಮ್ಮಡಿ ಹೊರಳಲು ಎಡೆಯೇ ಇಲ್ಲ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರುವಷ್ಟು ಸೀಟನ್ನು ಮುಂದಕ್ಕೆ ಸರಿಸಿದೆವು. ದಪ್ಪ ಅಡಿಯ ಓಟದ ಬೂಟನ್ನು ಬಿಚ್ಚಿ ತೆಳು ಅಡಿಯ ಬೂಟು ತೊಡಿಸಿದೆವು. ಕಾಲಡಿಯ ರಬ್ಬರ್ ಹಾಸು ಮಡಚಿಕೊಂಡು ಆ್ಯಕ್ಸಿಲರೇಟರಿನ ಬುಡಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಅದರ ಕೊಕ್ಕೆಗಳಿಗೆ ಬಿಗಿದೆವು. ಬ್ರೇಕ್ ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತಿತ್ತು. ಬ್ರೇಕ್ ದ್ರವವನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅವನ ಕಾರಿನಲ್ಲಿ ಅದಾಗಿ ಬಹುಕಾಲವಾಗಿತ್ತು. ವರ್ಕ್‌ಶಾಪಿನಲ್ಲಿ ದ್ರವ ಬದಲಿಸಿ ಗಾಳಿ ತೆಗೆಸಿದ ಮೇಲೆ ಪೆಡಲ್ ಗಟ್ಟಿಯಾಗಿ, ಪ್ರತಿ ಸಲವೂ ಒಂದೇ ಮಟ್ಟದಲ್ಲಿ ನಿಲ್ಲತೊಡಗಿತು. ಅಷ್ಟರಲ್ಲಿ ಅವನ ಪಾದಕ್ಕೆ ಎರಡೂ ಪೆಡಲುಗಳು ಎಟುಕಿದವು. ಹೊದಿಕೆ ಪೆಟ್ಟಿಗೆಯಲ್ಲೇ ಉಳಿಯಿತು.

ಪೆಡಲ್ ಬದಲಿಸುವುದಕ್ಕೆ ಇಲ್ಲಿ ಕಾನೂನಿನ ತೊಡಕೂ ಉಂಟು. ಜರ್ಮನಿಯಲ್ಲಿ ಕಾರಿನ ಸುರಕ್ಷತೆಗೆ ಸಂಬಂಧಿಸಿದ ಭಾಗವನ್ನು ಮಾಲೀಕ ಮನಬಂದಂತೆ ಬದಲಿಸುವಂತಿಲ್ಲ. ಪೆಡಲ್ ಹೊದಿಕೆಗೂ ‘ಎಬಿಇ’ ಎಂಬ ಅನುಮತಿಪತ್ರ ಇರಬೇಕು, ಇಲ್ಲವೇ ಅಧಿಕೃತ ತಪಾಸಕರಿಂದ ಪರೀಕ್ಷಿಸಿ ದಾಖಲೆಗೆ ಸೇರಿಸಬೇಕು. ಅನುಮತಿಯಿಲ್ಲದ ಬದಲಾವಣೆಯಿಂದ ವಾಹನದ ಸಂಚಾರದ ಅನುಮೋದನೆಯೇ ರದ್ದಾಗಬಹುದು; ಅಪಘಾತವಾದರೆ ವಿಮೆಯ ತಕರಾರು ಏಳಬಹುದು. ವೀಸಾ, ಕೆಲಸ, ಮನೆಬಾಡಿಗೆಗಳ ಲೆಕ್ಕದಲ್ಲಿ ಬದುಕುವ ಹೊಸಬನಿಗೆ ಇದು ಹಗುರ ಹೊರೆಯಲ್ಲ. ಅನುಮತಿಪತ್ರವುಳ್ಳ ಹೊದಿಕೆಯನ್ನಾದರೂ ಸೀಟು, ಬೂಟು, ಬ್ರೇಕುಗಳು ಸರಿಯಾದ ಮೇಲೆ, ಒಂದಷ್ಟು ಅಭ್ಯಾಸವೂ ಆದ ಮೇಲೆ ಯೋಚಿಸಬೇಕು. ಎತ್ತರಿಸಿದ ಆ್ಯಕ್ಸಿಲರೇಟರ್ ಗಾಬರಿಯ ಬ್ರೇಕಿನ ಹೊತ್ತಿನಲ್ಲಿ ಪಾದಕ್ಕೆ ತಾನಾಗಿ ಸಿಕ್ಕಿಬಿಡುವ ಅಪಾಯವನ್ನೂ ಮರೆಯಬಾರದು.

ಕಲಿಯುವ ಕ್ರಮವನ್ನೂ ಹೇಳಬೇಕು. ಮೊದಲ ಹಂತ, ನಿಂತ ಕಾರಿನಲ್ಲಿ ಎಂಜಿನ್ ಆರಿಸಿ ಪಾದದ ಹೊರಳುವಿಕೆಯನ್ನು ರೂಢಿಸುವುದು. ಎಂಜಿನ್ ಆರಿದಾಗ ಬ್ರೇಕ್ ಪೆಡಲ್ ಎರಡು ಮೂರು ಒತ್ತಿನ ನಂತರ ಕಲ್ಲಿನಂತೆ ಬಿಗಿಯುತ್ತದೆಂಬುದನ್ನು ನೆನಪಿಡಬೇಕು. ಅಲ್ಲಿ ಕಲಿಯುವುದು ಪಾದದ ಚಲನೆಯನ್ನಷ್ಟೇ. ಎರಡನೆಯ ಹಂತ, ಬ್ರೇಕಿನ ಗೊಡವೆಯಿಲ್ಲದೆ, ಖಾಲಿ ಜಾಗದಲ್ಲಿ ಗೇರ್ ಇಳಿಸುವಾಗ ಎಂಜಿನ್ನಿನ ಸುತ್ತನ್ನು ಹೊಂದಿಸುವುದು. ಕಾರು ಜಗ್ಗದೆ, ಮುನ್ನುಗ್ಗದೆ ಗೇರ್ ಬಿದ್ದರೆ ಕಿವಿ ಪಳಗಿತೆಂದು ಅರ್ಥ. ಮೂರನೆಯ ಹಂತದಲ್ಲಿ ಮಾತ್ರ ಎರಡನ್ನೂ ಕೂಡಿಸುವುದು. ಆಗಲೂ ಆದ್ಯತೆ ಬ್ರೇಕಿಗೆ. ಸುತ್ತು ಹೊಂದದಿದ್ದರೆ ಹೊಂದದಿರಲಿ, ಬ್ರೇಕಿನ ಒತ್ತಡ ಏರುಪೇರಾಗಕೂಡದು. ಕೆಲವು ಕಾರುಗಳಲ್ಲಿ ಎರಡೂ ಪೆಡಲುಗಳನ್ನು ಒಟ್ಟಿಗೆ ಒತ್ತಿದರೆ ಸುರಕ್ಷತೆಗಾಗಿ ಎಂಜಿನ್ನಿನ ಬಲವೇ ಕಡಿತಗೊಳ್ಳುತ್ತದೆ. ಕಾರಿನ ಕೈಪಿಡಿಯನ್ನು ಓದಿರಬೇಕು.

ಇದಕ್ಕೆ ಸ್ಥಳವೂ ಇಲ್ಲಿದೆ. ಶುಲ್ಕ ತೆತ್ತು ವಾಹನ ಅಭ್ಯಾಸ ಮಾಡುವ ಮೈದಾನಗಳು ಜರ್ಮನಿಯ ಹಲವು ಪಟ್ಟಣಗಳ ಆಸುಪಾಸಿನಲ್ಲಿವೆ. ಎಡಿಎಸಿ ಎಂಬ ವಾಹನ ಚಾಲಕರ ಸಂಘವು ಒದ್ದೆ ನೆಲದ ಮೇಲೆ ಬ್ರೇಕ್ ಹಾಕುವುದನ್ನು, ಜಾರುವ ಕಾರನ್ನು ಹಿಡಿತಕ್ಕೆ ತರುವುದನ್ನು ಕಲಿಸುವ ತರಬೇತಿಗಳನ್ನು ನಡೆಸುತ್ತದೆ. ನ್ಯೂರ್ಬರ್ಗ್‌ರಿಂಗಿನ ಉತ್ತರ ಪಥವಾದರೋ ಹೊಸಬರ ಶಾಲೆಯಲ್ಲ. 1927ರಲ್ಲಿ ತೆರೆದ, ಸುಮಾರು 20.8 ಕಿಲೋಮೀಟರ್ ಉದ್ದದ, ಬೆಟ್ಟ ಕಾಡುಗಳ ನಡುವಿನ ಆ ಪಥದಲ್ಲಿ 1976ರಲ್ಲಿ ನಿಕಿ ಲೌಡಾ ಬೆಂಕಿಗೆ ಸಿಕ್ಕಿ ಬದುಕುಳಿದರು. ಸಾರ್ವಜನಿಕರಿಗೆ ತೆರೆದಿರುವ ಹೊತ್ತಿನಲ್ಲಿ ಅಲ್ಲಿ ರಸ್ತೆಯ ಸಂಚಾರ ನಿಯಮಗಳೇ ಅನ್ವಯಿಸುತ್ತವೆ. ತಡೆಬೇಲಿಗೆ ಗುದ್ದಿದರೆ ಅದರ ವೆಚ್ಚ ಗುದ್ದಿದವನದು. ಇನ್ನು ಸಾಮಾನ್ಯ ರಸ್ತೆಯಲ್ಲಿ ಪಂದ್ಯ ಕಟ್ಟುವುದು 2017ರಿಂದ ಇಲ್ಲಿ ದಂಡ ಸಂಹಿತೆಯ ಅಪರಾಧ. ಒಬ್ಬನೇ ಬೇಕಾಬಿಟ್ಟಿಯಾಗಿ ಗರಿಷ್ಠ ವೇಗ ಸಾಧಿಸಲು ಹೊರಟರೂ ಅದರ ವ್ಯಾಪ್ತಿಗೆ ಬರಬಹುದು.

“ಮ್ಯಾನುಯಲ್ ಕಾರುಗಳೇ ಕಣ್ಮರೆಯಾಗುತ್ತಿರುವಾಗ ಈ ವಿದ್ಯೆ ಯಾಕೆ?” ಎಂಬ ಆಕ್ಷೇಪ ನ್ಯಾಯವಾದದ್ದೇ. 2009ರ ಮಾದರಿಯ ನಿಸ್ಸಾನ್ 370ಝಡ್ ಕಾರಿನಲ್ಲಿಯೇ ಗೇರ್ ಇಳಿಸುವಾಗ ಎಂಜಿನ್ನಿನ ಸುತ್ತನ್ನು ಕಂಪ್ಯೂಟರ್ ಹೊಂದಿಸುತ್ತಿತ್ತು. 2024ರ ಪರಿಷ್ಕರಣೆಯಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕೂಡ ಮ್ಯಾನುಯಲ್ ಗೇರನ್ನು ಕೈಬಿಟ್ಟಿತು. ನಿತ್ಯದ ರಸ್ತೆಗೆ ಹೀಲ್ ಆ್ಯಂಡ್ ಟೋ ಅನಿವಾರ್ಯವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ತಿರುವಿಗೆ ಮುಂಚೆಯೇ ನಿಧಾನಿಸಿ, ಬ್ರೇಕ್ ಬಿಟ್ಟು, ಸಾವಧಾನವಾಗಿ ಗೇರ್ ಇಳಿಸಿದರೆ ಸಾಕು. ಆದರೂ ಕಲಿತವನಿಗೆ ಉಳಿಯುವ ಲಾಭವೊಂದಿದೆ: ಕಾರಿನ ತೂಕ ಎತ್ತ ವಾಲುತ್ತದೆ, ಚಕ್ರ ಯಾವಾಗ ಹಿಡಿತ ಬಿಡುತ್ತದೆ ಎಂಬ ಅರಿವು. ಮೊದಲ ಚಳಿಗಾಲದ ಮಂಜುಗಟ್ಟಿದ ರಸ್ತೆಯಲ್ಲಿ ನಮ್ಮೂರಿನಿಂದ ಬಂದವನಿಗೆ ಬೇಕಾಗುವುದು ಇದೇ ಅರಿವು.

ಹೊರಡುವ ಸಿದ್ಧತೆಯಲ್ಲಿರುವವರಿಗೆ ಒಂದೆರಡು ಮಾತು. ಜರ್ಮನಿಯಲ್ಲಿ ನೆಲೆಸಿದ ಬಳಿಕ ಭಾರತದ ಚಾಲನಾ ಪರವಾನಗಿ ಸಾಮಾನ್ಯವಾಗಿ ಆರು ತಿಂಗಳಷ್ಟೇ ನಡೆಯುತ್ತದೆ; ಆಮೇಲೆ ಲಿಖಿತ, ಪ್ರಾಯೋಗಿಕ ಪರೀಕ್ಷೆಗಳೆರಡನ್ನೂ ಬರೆದು ಪಾಸಾಗಬೇಕು. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಪರವಾನಗಿ ಆಟೊಮ್ಯಾಟಿಕ್ ಕಾರುಗಳಿಗೆ ಸೀಮಿತವಾಗಬಹುದು. ಯಾವ ಕಾರಿನಲ್ಲಿ ಕೊಡಬೇಕೆಂಬುದನ್ನು ಡ್ರೈವಿಂಗ್ ಶಾಲೆಯಲ್ಲಿ ಮೊದಲೇ ವಿಚಾರಿಸಿ ನಿರ್ಧರಿಸಿ. ಸ್ಟಿಯರಿಂಗ್ ಎಡಕ್ಕೆ ಬಂದು ಗೇರ್ ಬಲಗೈಗೆ ಹೋಗುತ್ತದೆ ನಿಜ. ಆದರೆ ಹಲವರು ಅಂಜುವಂತೆ ಪೆಡಲುಗಳ ಸಾಲು ಅದಲುಬದಲಾಗುವುದಿಲ್ಲ: ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಆ್ಯಕ್ಸಿಲರೇಟರ್. ಆದ್ದರಿಂದ ಊರಿನಲ್ಲಿ ಪಳಗಿದ ಕಾಲು ಇಲ್ಲಿಯೂ ನೆರವಿಗೆ ಬರುತ್ತದೆ.

ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮಗನೋ ಮಗಳೋ ಫೋನಿನಲ್ಲಿ ಈ ವಿದ್ಯೆಯ ಮಾತೆತ್ತಿದರೆ ಗದರಬೇಡಿ. ಗದರಿದರೆ ಮುಂದಿನ ಸಂಗತಿ ನಿಮ್ಮ ಕಿವಿಗೆ ಬೀಳುವುದಿಲ್ಲ. ಬ್ರೇಕ್ ದ್ರವ ಬದಲಿಸಿ ಎಷ್ಟು ದಿನವಾಯಿತು, ಅಭ್ಯಾಸ ಮಾಡುವುದು ಎಲ್ಲಿ, ಪೆಡಲಿಗೆ ಅನುಮತಿಪತ್ರ ಇದೆಯೇ ಎಂದು ಕೇಳಿ. ಉತ್ತರ ತಡವರಿಸಿದರೆ ಇನ್ನಷ್ಟು ದಿನ ಕಾಯಲು ಹೇಳಿ.