ಮನಸ್ಸು ಕನ್ನಡದ್ದು, ಮನಶ್ಶಾಸ್ತ್ರ ಮಾತ್ರ ಇಂಗ್ಲಿಷಿನದೇ?

ಕನ್ನಡದ ತರುಣರೇ,

ಅಮೆರಿಕದ ಹೈಸ್ಕೂಲಿನಲ್ಲಿ ಹದಿನಾರು ಹದಿನೇಳು ವರ್ಷದ ಮಕ್ಕಳು ಕಾಲೇಜು ಮಟ್ಟದ ಮನಶ್ಶಾಸ್ತ್ರ ಓದುತ್ತಾರೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂಬ ಹೆಸರಿನಡಿ ಈ ವಿಷಯಕ್ಕೆ ಪರೀಕ್ಷೆ ಶುರು ಮಾಡಿದ್ದು 1992ರಲ್ಲಿ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ದರ್ಜೆ. ಒಳ್ಳೆಯ ದರ್ಜೆ ಬಂದರೆ ಎಷ್ಟೋ ಕಾಲೇಜುಗಳು "ಈ ಪಾಠ ಮತ್ತೆ ಓದಬೇಕಾಗಿಲ್ಲ" ಎಂದು ಬಿಟ್ಟುಬಿಡುತ್ತವೆ. ನೆನಪು ಹೇಗೆ ಉಳಿಯುತ್ತದೆ, ಭಯ ಎಲ್ಲಿ ಹುಟ್ಟುತ್ತದೆ, ಗುಂಪಿಗೆ ಸೇರಿದ ಮನುಷ್ಯ ಯಾಕೆ ಬದಲಾಗುತ್ತಾನೆ, ಮನಸ್ಸು ಕಾಯಿಲೆ ಬಿದ್ದರೆ ಏನು ಮಾಡಬೇಕು, ಇದೆಲ್ಲ ಮೀಸೆ ಚಿಗುರುವ ವಯಸ್ಸಿಗೇ ಅವರ ಕೈಗೆ ಸಿಗುತ್ತದೆ.

2023ರಲ್ಲಿ ಫ್ಲಾರಿಡಾ ರಾಜ್ಯದ ಸರ್ಕಾರಕ್ಕೂ ಕಾಲೇಜ್ ಬೋರ್ಡಿಗೂ ಈ ಪಠ್ಯದ ಒಂದು ಭಾಗದ ಮೇಲೆ ದೊಡ್ಡ ಜಗಳವೇ ಆಯಿತು. ಯಾರು ಸರಿ ಯಾರು ತಪ್ಪು ಎಂಬುದು ಅವರ ಮನೆ ವಿಚಾರ. ನಾನು ನೋಡುವುದು ಇಷ್ಟೇ: ಅಲ್ಲಿ ಪುಸ್ತಕದಲ್ಲಿ ಏನಿರಬೇಕು ಎಂದು ಹೊಡೆದಾಡುತ್ತಾರೆ. ಇಲ್ಲಿ ಪುಸ್ತಕವೇ ಇಲ್ಲದಿದ್ದರೂ ಕೇಳುವವರಿಲ್ಲ!

ಆ ಮಕ್ಕಳಿಗೆ ನಮ್ಮ ಮಕ್ಕಳಿಗಿಂತ ಬುದ್ಧಿ ಹೆಚ್ಚೇ? ಖಂಡಿತ ಇಲ್ಲ. ಅವರಲ್ಲಿ ಹೆಚ್ಚಿನವರು ಅಮ್ಮನ ಜೊತೆ ಜಗಳವಾಡುವ ಭಾಷೆಯಲ್ಲೇ ಪಾಠ ಓದುತ್ತಾರೆ. ಗುಟ್ಟು ಅಷ್ಟೇ.

ಬೆಂಗಳೂರಿನಲ್ಲಿ ಎರಡು ಜಾತಿ

ನಮ್ಮ ಬೆಂಗಳೂರಿನಲ್ಲೂ ಈ ಓದು ಇದೆ. ಲಕ್ಷಗಟ್ಟಲೆ ಫೀಸಿನ ಇಂಟರ್‌ನ್ಯಾಷನಲ್ ಸ್ಕೂಲುಗಳಲ್ಲಿ ಇದೆ, ಸಿಬಿಎಸ್‌ಇ ಹನ್ನೊಂದನೇ ತರಗತಿಯಲ್ಲಿ ಇದೆ. ನಮ್ಮ ಪಿಯು ಕಲಾ ವಿಭಾಗದ ವಿಷಯಗಳ ಪಟ್ಟಿಯಲ್ಲೂ ಮನಶ್ಶಾಸ್ತ್ರದ ಹೆಸರಿದೆ. ಆದರೆ ನಿಮ್ಮ ಊರಿನ ಸರ್ಕಾರಿ ಕಾಲೇಜಿಗೆ ಹೋಗಿ ಕೇಳಿ ನೋಡಿ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಈ ನಾಲ್ಕರ ಆಚೆ ಪ್ರಿನ್ಸಿಪಾಲರ ಬಾಯಿಂದ ಐದನೆಯ ಹೆಸರು ಬರುತ್ತದೆಯೇ? ಬಂದರೆ, ಕನ್ನಡದಲ್ಲಿ ಪಾಠ ಮಾಡುವ ಮೇಷ್ಟ್ರು ಇದ್ದಾರೆಯೇ? ಕೇಳಿ!

ಕೇಂದ್ರದ ಕಥೆ ಇನ್ನೂ ಚೆನ್ನಾಗಿದೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪ್ರವೇಶಕ್ಕೆ 2022ರಲ್ಲಿ ಸಿಯುಇಟಿ ಪರೀಕ್ಷೆ ಬಂತು. 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಒಂದು. ಮನಶ್ಶಾಸ್ತ್ರ ಅದರ ವಿಷಯಗಳಲ್ಲಿ ಒಂದು. ಅದಕ್ಕೆ ಆಧಾರ ಎನ್‌ಸಿಇಆರ್‌ಟಿಯ ಪಠ್ಯ. ಎನ್‌ಸಿಇಆರ್‌ಟಿ ಪುಸ್ತಕ ಅಚ್ಚು ಹಾಕುವುದು ಇಂಗ್ಲಿಷ್, ಹಿಂದಿ ಮತ್ತು ಉರ್ದುವಿನಲ್ಲಿ. ಹಿಂದಿ ಹುಡುಗನಿಗೆ ಪ್ರಶ್ನೆಯೂ ಹಿಂದಿಯಲ್ಲಿ, ಪುಸ್ತಕವೂ ಹಿಂದಿಯಲ್ಲಿ. ಕನ್ನಡದ ಹುಡುಗನಿಗೆ ಪ್ರಶ್ನೆ ಮಾತ್ರ ಕನ್ನಡದಲ್ಲಿ! ಎಲೆ ಹಾಕಿ ಅನ್ನ ಬಡಿಸದೆ "ಊಟ ಮಾಡಪ್ಪಾ" ಎಂದ ಹಾಗೆ. ಇದು ಸಮಾನತೆಯೇ?

ಯಾರ ನೆಲ ಇದು?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಸ್ವಾತಂತ್ರ್ಯ ಬರುವುದಕ್ಕೆ 23 ವರ್ಷ ಮೊದಲು! ಅಲ್ಲಿ ಪಾಠ ಮಾಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದವರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದು. 1942ರಲ್ಲಿ 'ಕೊರವಂಜಿ' ಪತ್ರಿಕೆ ಹುಟ್ಟುಹಾಕಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಮನೋರೋಗದ ಬಗ್ಗೆ ಕನ್ನಡದಲ್ಲಿ 'ಮನಮಂಥನ' ಬರೆದರು. ಅದಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಮೇಲೆ ಕನ್ನಡದಲ್ಲಿ ನೂರಕ್ಕೂ ಮೀರಿ ಪುಸ್ತಕ ಬರೆದಿದ್ದಾರೆ. ಇಷ್ಟೆಲ್ಲ ಇರುವ ನಾಡಿನಲ್ಲಿ "ಕನ್ನಡದಲ್ಲಿ ಮನಶ್ಶಾಸ್ತ್ರ ಆಗುವುದಿಲ್ಲ" ಎನ್ನುವವರಿಗೆ ನಾಚಿಕೆಯಾಗಬೇಡವೇ?

"ಪದ ಎಲ್ಲಿದೆ ಸ್ವಾಮಿ?"

ಬುದ್ಧಿವಂತರ ಮೊದಲ ತಕರಾರು ಇದು. ನಾನು ಪಿಯುಸಿ ಮುಗಿಸಿ ಅಚ್ಚಿನ ಮನೆ ಸೇರಿದವನು. ಮನಶ್ಶಾಸ್ತ್ರದ ಕ್ಲಾಸಿನಲ್ಲಿ ಕೂತವನಲ್ಲ. ಪಾವ್ಲೋವನ ನಾಯಿಯನ್ನೂ ಪಿಯಾಜೆಯ ಮಕ್ಕಳನ್ನೂ ನಾನು ಕಂಡದ್ದು ಡಿ.ಎಡ್. ಗೈಡುಗಳ ಕರಡು ತಿದ್ದುವಾಗ. ಅವು ಕನ್ನಡದಲ್ಲೇ ಇದ್ದವು! ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ದಶಕಗಳಿಂದ ಶೈಕ್ಷಣಿಕ ಮನೋವಿಜ್ಞಾನವನ್ನು ಕನ್ನಡದಲ್ಲಿ ಓದಿಯೇ ಮೇಷ್ಟ್ರಾಗಿದ್ದಾರೆ. ಟಿಇಟಿ ಪರೀಕ್ಷೆಯ 150 ಅಂಕಗಳಲ್ಲಿ 30 ಅಂಕ ಮಗುವಿನ ಮನಸ್ಸು, ಬೆಳವಣಿಗೆ, ಕಲಿಕೆಗೆ ಸೇರಿದ್ದು. ಅದನ್ನೂ ಕನ್ನಡದಲ್ಲೇ ಬರೆಯುತ್ತಾರೆ. ಮೇಷ್ಟ್ರಿಗೆ ಆಗುವ ಕನ್ನಡ ವಿದ್ಯಾರ್ಥಿಗೆ ಯಾಕೆ ಆಗದು?

ಹಾಗೆಂದು ನಮ್ಮ ಪಂಡಿತರನ್ನೂ ಬಿಡುವಂತಿಲ್ಲ. ಗಂಟೆ ಬಾರಿಸಿದರೆ ನಾಯಿ ಜೊಲ್ಲು ಸುರಿಸುವ ಪಾಠಕ್ಕೆ 'ಅಭಿಜಾತ ಅನುಬಂಧನ' ಎಂದು ಹೆಸರಿಟ್ಟರೆ ಹುಡುಗ ಇಂಗ್ಲಿಷಿಗೇ ಓಡುತ್ತಾನೆ. ಐಸ್‌ಕ್ಯಾಂಡಿ ಗಾಡಿಯ ಹಾರ್ನ್ ಕೇಳಿದೊಡನೆ ಮಗುವಿನ ಬಾಯಲ್ಲಿ ನೀರೂರುವುದು ಇದೇ ಪಾಠ. 'ಒಗ್ಗಿಕೆ' ಎಂದರೆ ಸಾಲದೇ?

ಇನ್ನು ಮನಸ್ಸಿನ ನೋವಿಗೆ ನಮ್ಮಲ್ಲಿ ಪದದ ಬರವೇ? ದಿಗಿಲು, ಅಳುಕು, ಕಳವಳ, ತಳಮಳ, ಸಂಕಟ, ಬೇಜಾರು, ಹೊಟ್ಟೆಕಿಚ್ಚು, ಎದೆ ಧಸಕ್ಕೆನ್ನುವುದು. ಒಂದೊಂದೂ ಬೇರೆ. ಇಂಗ್ಲಿಷಿನವರು ಇದರಲ್ಲಿ ಅರ್ಧವನ್ನು 'ಆಂಗ್ಸೈಟಿ' ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ!

ಕೊನೆಗೆ ನೋಯುವವರು ಯಾರು?

ಇದು ಬರೀ ಅಂಕದ ಪ್ರಶ್ನೆಯಲ್ಲ. ಫೇಲಾದ ಹುಡುಗ ರೂಮಿನ ಬಾಗಿಲು ಹಾಕಿಕೊಂಡಾಗ, ಬಾಣಂತಿ ಕಾರಣವಿಲ್ಲದೆ ಅಳುವಾಗ, ಮನೆಯವರು ಮೊದಲು ಹೋಗುವುದು ಯಂತ್ರ ಕಟ್ಟುವವನ ಹತ್ತಿರ. ಯಾಕೆಂದರೆ ಅವನು ಕನ್ನಡದಲ್ಲಿ ಮಾತಾಡುತ್ತಾನೆ! ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ತೆರೆಯಿತು. 14416ಕ್ಕೆ ಕಾಸಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳಬಹುದು. ಒಳ್ಳೆಯ ಕೆಲಸ, ಮೆಚ್ಚೋಣ. ಆದರೆ ನಾಳೆ ಆ ಫೋನಿನ ಈ ತುದಿಯಲ್ಲಿ ಕೂರುವವರು ಯಾರು? 'ಹೊಟ್ಟೆಯಲ್ಲಿ ಸಂಕಟ' ಎಂದರೆ ಗ್ಯಾಸಿನ ಮಾತ್ರೆ ಬರೆಯದೆ ಮನಸ್ಸಿನ ಮಾತು ಕೇಳಿಸಿಕೊಳ್ಳುವವರು ಎಲ್ಲಿಂದ ಬರಬೇಕು? ಕನ್ನಡದ ಮಕ್ಕಳಿಗೆ ಹದಿನಾರರಲ್ಲಿ ಬಾಗಿಲು ಮುಚ್ಚಿದರೆ ಇಪ್ಪತ್ತೈದರಲ್ಲಿ ಅವರು ಆ ಕುರ್ಚಿಗೆ ಬರುವುದಿಲ್ಲ.

ದುಡ್ಡಿನ ನೆಪ ಬೇಡ

"ಪುಸ್ತಕಕ್ಕೆ ಖರ್ಚು" ಎನ್ನುವ ಅಧಿಕಾರಿಗಳಿಗೆ ಅಚ್ಚಿನವನ ಲೆಕ್ಕ: ಕಂಪೋಸಿಂಗ್, ಪ್ರೂಫು, ಪ್ಲೇಟು, ಇವುಗಳ ಖರ್ಚು ಐನೂರು ಪ್ರತಿಗೂ ಅಷ್ಟೇ, ಹತ್ತು ಸಾವಿರಕ್ಕೂ ಹೆಚ್ಚುಕಡಿಮೆ ಅಷ್ಟೇ. ಪ್ರತಿ ಏರಿದಷ್ಟೂ ಪುಸ್ತಕ ಅಗ್ಗ. ಇಲ್ಲದಿರುವುದು ದುಡ್ಡಲ್ಲ, ಮನಸ್ಸು.

ನಮ್ಮ ಹಕ್ಕೊತ್ತಾಯ

1. ಪ್ರತಿ ತಾಲ್ಲೂಕಿನ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಾದರೂ ಕನ್ನಡ ಮಾಧ್ಯಮದಲ್ಲಿ ಮನಶ್ಶಾಸ್ತ್ರ ಶುರುವಾಗಲಿ, ಉಪನ್ಯಾಸಕರ ನೇಮಕವಾಗಲಿ.
2. ಸಿಯುಇಟಿ ಕನ್ನಡದಲ್ಲಿ ಇರುವ ಮೇಲೆ ಅದರ ಪಠ್ಯವೂ ಕನ್ನಡದಲ್ಲಿ ಬರಲಿ.
3. ಪಠ್ಯ ಬರೆಯುವ ಸಮಿತಿಯಲ್ಲಿ ರೋಗಿಗಳ ಜೊತೆ ಕನ್ನಡದಲ್ಲಿ ಮಾತಾಡುವ ವೈದ್ಯರಿರಲಿ.
4. ಒಂಬತ್ತು, ಹತ್ತನೇ ತರಗತಿಗೆ ಮನಸ್ಸಿನ ಬಗ್ಗೆ ಒಂದಾದರೂ ಪಾಠ ಇರಲಿ.

ತರುಣರೇ, ಸರ್ಕಾರಕ್ಕೆ ಹೇಳಿದ್ದಾಯಿತು. ಈಗ ನಿಮಗೊಂದು ಮಾತು. ನವೆಂಬರ್‌ನಲ್ಲಿ ಆರ್ಕೆಸ್ಟ್ರಾಕ್ಕೆ ಎತ್ತುವ ಚಂದಾದಲ್ಲಿ ಈ ವರ್ಷ ಅರ್ಧ ತೆಗೆದಿಡಿ. ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಕನ್ನಡದ ಮನಶ್ಶಾಸ್ತ್ರ ಪುಸ್ತಕ ಕೊಡಿಸಿ. ನಿಮ್ಮ ಹತ್ತಿರದ ಪಿಯು ಕಾಲೇಜಿಗೆ ಸಹಿ ಸಂಗ್ರಹಿಸಿದ ಮನವಿ ಕೊಡಿ. ಬಾವುಟ ಹಾರಿಸಿದ ಕೈ ಪುಸ್ತಕವನ್ನೂ ಹಿಡಿಯಲಿ.

ಕನ್ನಡ ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಇದ್ದರೆ ಸಾಲದು. ಕನ್ನಡಿಗನ ತಲೆಯೊಳಗಿನ ನೋವಿಗೂ ಕನ್ನಡದಲ್ಲೇ ಮದ್ದು ಸಿಗಬೇಕು. ಅಲ್ಲಿಯವರೆಗೆ ಕೇಳುತ್ತಲೇ ಇರೋಣ!