ಕೆಮರಾ ಇದ್ದರೆ ಸಾಲದು

ತಲಪಾಡಿ ಗಡಿಯಿಂದ ಅನತಿ ದೂರದ ಕೆ.ಸಿ. ರೋಡಿನ ಸಹಕಾರಿ ಸಂಘದ ಶಾಖೆಗೆ 2025ರ ಜನವರಿ 17ರಂದು ಹಾಡಹಗಲೇ ನುಗ್ಗಿದ ಮುಸುಕುಧಾರಿಗಳು ಚಿನ್ನ, ನಗದು ದೋಚಿದುದನ್ನು ನಮ್ಮ ಓದುಗರು ಮರೆತಿರಲಾರರು. ಶಾಖೆಯ ಕೆಮರಾಗಳು ಅಂದು ದುರಸ್ತಿಯಲ್ಲಿದ್ದು ಕೆಲಸ ಮಾಡುತ್ತಿರಲಿಲ್ಲವೆಂಬ ಸಂಗತಿಯೂ ಆಗ ಪ್ರಕಟವಾಗಿತ್ತು. ತನಿಖೆಗೆ ಒದಗಿದ್ದು ತಲಪಾಡಿಯ ಟೋಲ್‌ಗೇಟೇ ಮೊದಲಾದ ಹೊರಗಿನ ಕೆಮರಾಗಳ ದೃಶ್ಯ. ಆರೋಪಿಗಳು ಕೆಲವೇ ದಿನಗಳಲ್ಲಿ ತಮಿಳುನಾಡಿನಲ್ಲಿ ಸಿಕ್ಕಿಬಿದ್ದರು. ಕೆಮರಾದಿಂದ ಪ್ರಯೋಜನವಿದೆ, ಆದರೆ ಕೆಟ್ಟು ಕುಳಿತ ಕೆಮರಾದಿಂದ ಇಲ್ಲ. ಈ ಸರಳ ಸತ್ಯವನ್ನು ನಾವೆಲ್ಲ ಮನಗಂಡಿದ್ದೇವೆಯೇ ಎಂಬುದೇ ಇಂದಿನ ಪ್ರಶ್ನೆ.

ನಮ್ಮ ಜಿಲ್ಲೆಯಲ್ಲಿ ಕೆಮರಾದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಯಜಮಾನರು ಗಲ್ಫ್‌ನಲ್ಲಿ, ಮಕ್ಕಳು ಬೆಂಗಳೂರಿನಲ್ಲಿ, ಬೀಗ ಹಾಕಿದ ಮನೆ ಊರಲ್ಲಿ ಎಂಬ ಪರಿಸ್ಥಿತಿ ಮಂಜೇಶ್ವರದಿಂದ ಕಾಸರಗೋಡಿನ ತನಕ ಸಾಮಾನ್ಯ. ಒಣಗಲು ಹಾಕಿದ ಅಡಿಕೆ ಅಂಗಳದಿಂದಲೇ ಮಾಯವಾಗುವ ಭಯ ಕೃಷಿಕರಿಗೆ. ಆದರೆ ಪೇಟೆಯಿಂದ ಅಗ್ಗದ ನಾಲ್ಕು ಕೆಮರಾ ತಂದು, ಪರಿಚಯದ ವಯರ್‌ಮೆನ್ನನಿಂದ ಗೋಡೆಗೆ ಹೊಡೆಸಿದೊಡನೆ ಕೆಲಸ ಮುಗಿಯಿತೆಂಬ ಭಾವನೆ ಮಾತ್ರ ತಪ್ಪು.

ಲೆಕ್ಕವನ್ನೇ ನೋಡೋಣ. ಒಂದು ಕೆಮರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಹಗಲಿರುಳು ದಾಖಲಿಸಿದರೆ ದಿನಕ್ಕೆ ಸುಮಾರು 21 ಗಿಗಾಬೈಟ್ ಆಗುತ್ತದೆ. ನಾಲ್ಕು ಕೆಮರಾಗಳಿದ್ದರೆ 1 ಟೆರಾಬೈಟಿನ ಡಿಸ್ಕು ಹನ್ನೊಂದು ಹನ್ನೆರಡು ದಿನಗಳಲ್ಲಿ ತುಂಬಿ, ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯತೊಡಗುತ್ತದೆ. ತಿಂಗಳ ಬಳಿಕ ಊರಿಗೆ ಬಂದ ಯಜಮಾನರು ಒಡೆದ ಬಾಗಿಲನ್ನು ಕಾಣುತ್ತಾರೆಯೇ ಹೊರತು ಒಡೆದವನನ್ನಲ್ಲ. ಅಪರಿಚಿತನ ಮುಖ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಚುಕ್ಕೆಗಳು ಬೇಕೆಂಬುದು ತಜ್ಞರು ಅನುಸರಿಸುವ ಮಾನದಂಡ. ಅಡ್ಡಕ್ಕೆ 1920 ಚುಕ್ಕೆಗಳಿರುವ ಸಾಮಾನ್ಯ ಕೆಮರಾಕ್ಕೆ ಇದು ಏಳೂವರೆ ಮೀಟರ್ ಅಗಲಕ್ಕೆ ಮಾತ್ರ ಸಾಕು. ಇಡೀ ಅಂಗಳವನ್ನು ಒಂದೇ ಕೆಮರಾ ತೋರಿಸುತ್ತದೆಂದು ಹಿಗ್ಗುವವರು ಇದನ್ನು ಗಮನಿಸತಕ್ಕದ್ದು. ಮಾಡಿನ ತುದಿಗೇರಿಸಿದ ಕೆಮರಾಕ್ಕೆ ಮಳೆಗಾಲದಲ್ಲಿ ಕಾಣುವುದು ಕೊಡೆ ಮತ್ತು ಮುಟ್ಟಾಳೆ ಮಾತ್ರ! ರಾತ್ರಿಯ ಬೆಳಕಿಗೆ ಹುಳ ಮುತ್ತಿ, ಅದನ್ನರಸಿ ಬಂದ ಜೇಡ ಕಣ್ಣಿಗೇ ಬಲೆ ನೇಯುವುದುಂಟು. ಸಿಡಿಲಿನ ಹೊಡೆತಕ್ಕೆ ರಕ್ಷಣೆಯಿಲ್ಲದ ಯಂತ್ರ ಒಂದೇ ಸಂಜೆಯಲ್ಲಿ ಸುಟ್ಟುಹೋಗಬಹುದು. ಇನ್ನು ದಾಖಲೆಯ ಪೆಟ್ಟಿಗೆಯನ್ನು ಟಿ.ವಿ.ಯ ಪಕ್ಕದಲ್ಲೇ ಇಟ್ಟರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ.

ಆದ್ದರಿಂದ ಕೆಲಸ ಬಲ್ಲವನು ಮೊದಲು ಮನೆಯ ಸುತ್ತ ನಡೆದು ನೋಡುತ್ತಾನೆ, ರಾತ್ರಿ ಪರೀಕ್ಷಿಸುತ್ತಾನೆ, ಕರೆಂಟು ಹೋದಾಗ ಏನಾಗುವುದೆಂದು ಹೇಳುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಖಾನೆಯ ಗುಪ್ತಪದವನ್ನು ಮನೆಯವರಿಂದಲೇ ಬದಲಾಯಿಸಿಸುತ್ತಾನೆ. ಇದನ್ನು ಕಡೆಗಣಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಂ, ಗುಪ್ತಪದ ಬದಲಾಯಿಸದ ಅಸಂಖ್ಯ ಕೆಮರಾಗಳನ್ನು ವಶಪಡಿಸಿಕೊಂಡು ಅಂತರ್ಜಾಲವನ್ನೇ ತತ್ತರಿಸುವಂತೆ ಮಾಡಿತು. 2025ರಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ದೃಶ್ಯಗಳು ಬೀದಿಪಾಲಾದುದು ಇನ್ನೂ ಹೇಯ. ಕೆಮರಾಗಳು ಸುರಕ್ಷತಾ ಪರೀಕ್ಷೆಯಲ್ಲಿ ಉತ್ತೀರ್ಣವಾಗಿರಬೇಕೆಂಬ ಕೇಂದ್ರ ಸರಕಾರದ ನಿಯಮ 2025ರ ಎಪ್ರಿಲ್‌ನಿಂದ ಜಾರಿಗೆ ಬಂದಿರುವುದು ಸ್ವಾಗತಾರ್ಹ. ಆದರೆ ಹಿಂದೆಯೇ ಗೋಡೆಗೇರಿದವುಗಳ ಗತಿ?

ನೆರೆಹೊರೆಯ ಪ್ರಶ್ನೆಯೂ ಇದೆ. ನಮ್ಮ ಗೇಟನ್ನು ಕಾಯುವ ಕಣ್ಣು ಪಕ್ಕದ ಮನೆಯ ಬಾವಿಕಟ್ಟೆಯತ್ತ ತಿರುಗಿದರೆ ಅದು ಕಾವಲಲ್ಲ, ಇಣುಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರಲ್ಲಿ ಸಾರಿದೆ. ಭದ್ರತೆಯ ಹೆಸರಿನಲ್ಲಿ ನೆರೆಮನೆಯೊಳಗೆ ಇಣುಕುವಂತಿಲ್ಲವೆಂದು ಕೇರಳ ಹೈಕೋರ್ಟು 2023ರಲ್ಲಿ ಅಭಿಪ್ರಾಯಪಟ್ಟಿದೆ. ಅಂಗಡಿಗಳಲ್ಲಿ ‘ಕೆಮರಾ ಇದೆ’ ಎಂಬ ಫಲಕವಿರುವುದು ಒಳ್ಳೆಯದು; ಈ ಊರಿನಲ್ಲಿ ಅದು ಮಲಯಾಳದ ಜೊತೆಗೆ ಕನ್ನಡದಲ್ಲೂ ಇದ್ದರೆ ಓದಬೇಕಾದವರು ಓದಿಯಾರು.

ಕೊನೆಯದಾಗಿ ಸಾಕ್ಷ್ಯದ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾನೂನಿನ 63ನೇ ವಿಧಿಯ ಪ್ರಕಾರ ದೃಶ್ಯದ ಪ್ರತಿಯೊಡನೆ ಪ್ರಮಾಣಪತ್ರವೂ ಬೇಕು. ಮೊಬೈಲಿನಲ್ಲಿ ಮರುಚಿತ್ರಿಸಿ ವಾಟ್ಸಾಪಿನಲ್ಲಿ ಹಂಚಿದ ತುಣುಕು ಊರಿನ ಕುತೂಹಲ ತಣಿಸೀತು, ನ್ಯಾಯಾಲಯವನ್ನು ತೃಪ್ತಿಪಡಿಸಲಾರದು. ಕಳವಾದೊಡನೆ ಮೂಲ ಪೆಟ್ಟಿಗೆಯನ್ನು ಮುಟ್ಟದೆ ಪೊಲೀಸರಿಗೆ ತಿಳಿಸುವುದೇ ಕ್ರಮ.

ಅರ್ಹ ಕೆಲಸಗಾರರ ಪಟ್ಟಿಯನ್ನು ವ್ಯಾಪಾರಿ ಸಂಘಗಳೂ ಪಂಚಾಯತುಗಳೂ ಸೇರಿ ಸಿದ್ಧಪಡಿಸಬಾರದೇಕೆ? ಮಳೆಗಾಲಕ್ಕೆ ಮುನ್ನ ಮಾಡು ಸರಿಪಡಿಸುವ ನಾವು ಕೆಮರಾವನ್ನೂ ಒಮ್ಮೆ ನೋಡಿಸಬಾರದೇಕೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸ ನಮಗೆ ಹೊಸದಲ್ಲ. ಕೆ.ಸಿ. ರೋಡಿನ ಪಾಠವಾದರೂ ಅದನ್ನು ಬಿಡಿಸಲಿ.