ಟಾವರಿನ ಬಾಡಿಗೆಯೆಂಬ ಸುಳ್ಳು ಪತ್ರಗಳು

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಮಳೆ ತಪ್ಪಿದ ವರ್ಷ ಹೆಸರೂ ಇಲ್ಲ, ಕಡಲೆಯೂ ಇಲ್ಲವೆಂಬ ಸ್ಥಿತಿಯು ಜಮೀನುದಾರರಿಗೆ ಹೊಸದಲ್ಲ. ಅಂಥ ಕಾಲದಲ್ಲಿ ಹೊಲದ ಒಂದು ಮೂಲೆಯನ್ನು ಮೊಬೈಲ್ ಟಾವರಿಗೆ ಕೊಟ್ಟರೆ ತಿಂಗಳು ತಿಂಗಳು ಬಾಡಿಗೆಯೂ ಲಕ್ಷಗಟ್ಟಲೆ ಮುಂಗಡವೂ ದೊರೆಯುವವೆಂದು ಈ-ಮೇಲ್ ಪತ್ರ ಬಂದರೆ ಮನಸ್ಸು ಅತ್ತ ವಾಲುವದು ಸಹಜ. ಪತ್ರದ ಮೇಲೆ ಹೆಸರಾಂತ ಕಂಪನಿಯ ಮುದ್ರೆ, ಕೆಳಗೆ ಅಧಿಕಾರಿಯ ಸಹಿ, ಜೊತೆಗೆ ಅವನ ಗುರುತಿನ ಚೀಟಿಯ ಚಿತ್ರ. ಮೊದಲು ಕೇಳುವದು ಅಲ್ಪ, ನೋಂದಣಿಯ ಶುಲ್ಕವಷ್ಟೇ. ಅದು ಸಂದ ಬಳಿಕ ಕರಾರಿನ ವೆಚ್ಚ, ನಿರಾಕ್ಷೇಪಣಾ ಪತ್ರ, ತೆರಿಗೆ, ವಿಮೆ ಎಂದು ಒಂದರ ಹಿಂದೊಂದು ಬರುವವು. ಹಿಂದೆ ಕೊಟ್ಟದ್ದು ಮುಳುಗಬಾರದೆಂಬ ಚಿಂತೆಯೇ ಮುಂದಿನ ಕಂತನ್ನು ಕಟ್ಟಿಸುವದು.

ಈ ವಂಚನೆಯ ಮೂಲವು ಹಳೆಯದು. ಸ್ಪೇನಿನ ಸೆರೆಯಾಳೊಬ್ಬನ ನಿಧಿಯ ಆಸೆ ತೋರಿಸಿ ಮುಂಗಡ ಕೀಳುವ ಪತ್ರಗಳು 19ನೆಯ ಶತಮಾನದಲ್ಲಿಯೇ ಯುರೋಪಿನಲ್ಲಿ ತಿರುಗಾಡುತ್ತಿದ್ದವು. ಈಗ ನಿಧಿಯ ಬದಲು ಟಾವರು ಬಂದಿದೆ.

ಬಾಡಿಗೆ ಕೊಡತಕ್ಕವನೇ ಬಾಡಿಗೆ ಪಡೆಯತಕ್ಕವನಿಂದ ಹಣ ಕೇಳುವ ವ್ಯವಹಾರವು ಯಾವ ಪೇಟೆಯಲ್ಲಿಯೂ ಇಲ್ಲ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಟಾವರಿನ ಸಲುವಾಗಿ ತಾನು ಯಾವ ತೆರಿಗೆಯನ್ನೂ ಶುಲ್ಕವನ್ನೂ ಪಡೆಯುವದಿಲ್ಲವೆಂದೂ, ನಿರಾಕ್ಷೇಪಣಾ ಪತ್ರ ಕೊಡುವದಿಲ್ಲವೆಂದೂ ಜನರಿಗೆ ತಿಳಿಸಿದೆ. ಆದುದರಿಂದ ಅದರ ಹೆಸರಿನ ಪ್ರಮಾಣಪತ್ರ ಬಂತೆಂದರೆ ಅಲ್ಲಿಯೇ ಸಂಶಯಪಡತಕ್ಕದ್ದು.

ಸೌರ ಪಂಪಿನ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಲ್ಲಿ ಒಕ್ಕಲಿಗನು ತನ್ನ ಪಾಲಿನ ಹಣವನ್ನು ನಿಜವಾಗಿಯೂ ಕಟ್ಟಬೇಕಾಗುವದರಿಂದ, ಕಪಟಿಯ ಬೇಡಿಕೆಯು ನ್ಯಾಯವಾಗಿಯೇ ತೋರುವದು. ಸುಳ್ಳು ಜಾಲತಾಣಗಳ ವಿಷಯವಾಗಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವು 2019ರಲ್ಲಿಯೂ 2020ರಲ್ಲಿಯೂ ಎಚ್ಚರಿಕೆ ಹೊರಡಿಸಿತು. ಇಲ್ಲಿ "ಹಣ ಕೊಡಬೇಡ" ಎಂದರೆ ಸಾಲದು; ಯಾರಿಗೆ ಕೊಡುತ್ತಿರುವೆ ಎಂಬುದನ್ನು ನೋಡಬೇಕು.

ನೋಡುವ ಬಗೆ ಕಠಿಣವಲ್ಲ. ಕಳಿಸಿದವನ ಹೆಸರನ್ನಲ್ಲ, ಅವನ ವಿಳಾಸವನ್ನು ಓದಬೇಕು. ಕಂಪನಿಯ ನೌಕರನಾದರೆ ಆ್ಯಟ್ ಚಿಹ್ನೆಯ ಮುಂದೆ ಸಾಮಾನ್ಯವಾಗಿ ಕಂಪನಿಯದೇ ಹೆಸರಿರುವದು, ಯಾರಿಗೂ ಬಿಟ್ಟಿ ದೊರೆಯುವ ಜಿಮೇಲ್ ಅಲ್ಲ. ಒಂದಕ್ಷರ ಹೆಚ್ಚುಕಡಿಮೆ ಮಾಡಿದ ಹೆಸರೂ ಅಲ್ಲ. ವಿಳಾಸವನ್ನೂ ಕೃತ್ರಿಮವಾಗಿ ತೋರಿಸಬಲ್ಲವರಿರುವದರಿಂದ, ಪತ್ರದಲ್ಲಿಯ ನಂಬರಿಗೆ ಫೋನು ಮಾಡದೆ ಕಂಪನಿಯ ಕಚೇರಿಯ ನಂಬರನ್ನು ಬೇರೆ ಕಡೆಯಿಂದ ಪಡೆದು ವಿಚಾರಿಸುವದು ಲೇಸು. ಸೌರ ಪಂಪಿನ ವಿಚಾರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಹಣವು ಖಾಸಗಿ ವ್ಯಕ್ತಿಯ ಖಾತೆಗೆ ಹೋಗಬೇಕೆಂದರೆ ಹೆಚ್ಚಿನ ವಿಚಾರವೇ ಬೇಡ. ಉತಾರ, ಆಧಾರ್, ಪಾಸ್‌ಬುಕ್ಕುಗಳ ಪ್ರತಿಗಳನ್ನೂ ಇಂಥವರಿಗೆ ಕಳಿಸಕೂಡದು.

ಊರ ಗೌಡರೂ ಹಿರಿಯರೂ ಮಾಡಬೇಕಾದ ಕೆಲಸವು ಬೇರೆಯೇ ಇದೆ. ಮೋಸಹೋದವನು ಚಾವಡಿಯಲ್ಲಿ ನಗೆಗೀಡಾಗುವೆನೆಂದು ಬಾಯಿ ಬಿಡುವದಿಲ್ಲ, ಮನೆಯವರಿಗೂ ಹೇಳುವದಿಲ್ಲ. ಅಷ್ಟರಲ್ಲಿ ಹಣವು ಖಾತೆಯಿಂದ ಖಾತೆಗೆ ಹಾರಿಹೋಗುವದು. 1930 ಎಂಬ ನಂಬರಿಗೆ ಕೂಡಲೇ ತಿಳಿಸಿದರೆ ಬ್ಯಾಂಕುಗಳು ಆ ಹಣವನ್ನು ನಡುವೆಯೇ ತಡೆಹಿಡಿಯುವ ಸಂಭವವುಂಟು. ತಡವಾದಷ್ಟೂ ಅದು ಕಡಿಮೆ. ಗೌಡರು ಗದರಿಸಿದರೆ ಆ ಮನುಷ್ಯನು ಮತ್ತೆರಡು ದಿನ ಸುಮ್ಮನಿರುವನು. ಅಪರಾಧವು ಅವನದಲ್ಲ: ಕಂಪ್ಯೂಟರಿನ ಮೂಲಕ ಅನ್ಯರ ಸೋಗು ಹಾಕಿ ವಂಚಿಸಿದವನಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನನ್ವಯ ಮೂರು ವರ್ಷಗಳವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಬಂದ ಪತ್ರವನ್ನು ಸಿಟ್ಟಿನಿಂದ ಅಳಿಸಿಹಾಕದೆ, ಹಣ ಸಂದಾಯದ ದಾಖಲೆಗಳೊಡನೆ ಪೊಲೀಸರಿಗೆ ಒಪ್ಪಿಸತಕ್ಕದ್ದು.